ಏಳು ಡಿಗ್ರಿ

ನಮ್ಮಣ್ಣ ಡೆಸ್ಮಂಡ್ ಬಾಳೆಗಿಡಕ್ಕೆ ಕೊಟ್ಟಷ್ಟು ಬೆಚ್ಚನೆಯ ಜಾಗವನ್ನು ಕಟ್ಟಿಕೊಂಡ ಹೆಂಡತಿಗೆ ಕೊಡಲಿಲ್ಲ. ಸತ್ತವರ ಬಗ್ಗೆ ಹೀಗೆಲ್ಲ ಹೇಳಬಾರದು ಎನ್ನುವವರು ಮೊದಲು ಬಕ್ಸ್‌ಟನ್ನಿನ ಆ ಮನೆಯಲ್ಲಿ ಒಂದು ಜನವರಿ ಕಳೆದು ಬರಲಿ, ಆಮೇಲೆ ನನ್ನ ಹತ್ತಿರ ಮಾತಾಡಲಿ.

ಬಕ್ಸ್‌ಟನ್ ಎಂದರೆ ಇಂಗ್ಲೆಂಡಿನಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುವ ಗುಡ್ಡದ ಊರು. ಅಲ್ಲಿನ ಜನ ಕೋಸು, ಆಲೂಗಡ್ಡೆ ಬೆಳೆದುಕೊಂಡು, ಅದೂ ಈ ಸಲ ಸರಿಯಾಗಿ ಬರಲಿಲ್ಲವೆಂದು ಗೊಣಗಿಕೊಂಡು ಕಾಲ ಹಾಕುತ್ತಾರೆ. ಡೆಸ್ಮಂಡ್ ಬಸ್ಸು ಓಡಿಸುತ್ತಿದ್ದವನು. ಸ್ಪೇನಿನ ಆಚೆ ಒಂದು ಹೆಜ್ಜೆ ಇಟ್ಟವನಲ್ಲ. ಅವನಿಗೆ ಈ ಹುಚ್ಚು ಎಲ್ಲಿಂದ ಅಂಟಿತೋ, ಹಿತ್ತಲ ತುಂಬ ಬಾಳೆ, ಕೆಸು, ಕಾಬಾಳೆ, ಸುಗಂಧಿ. ಬಾಳೆ ಒಂದು ದಿನವೂ ಹಣ್ಣು ಕೊಟ್ಟಿದ್ದಿಲ್ಲ, ಕೊಡಲೆಂದು ಯಾರೂ ಕೇಳಿದ್ದೂ ಇಲ್ಲ. ಅಷ್ಟಗಲದ ಎಲೆ ನಮ್ಮ ಮಳೆಯಲ್ಲಿ ಪಟಪಟ ಎನ್ನುವುದನ್ನು ಕೇಳುತ್ತ ಅವನು ಟೀ ಕುಡಿಯುತ್ತಿದ್ದ. ಬೇಸಿಗೆಯ ಎರಡು ತಿಂಗಳು ಹಿತ್ತಲು ಉಕ್ಕಿ ಬೇಲಿಯಾಚೆ ಚೆಲ್ಲುತ್ತಿತ್ತು. ವರ್ಷದ ಉಳಿದ ದಿನಗಳೆಲ್ಲ ಅದರ ಜೀವ ಉಳಿಸುವ ಕೆಲಸ.

ಅಕ್ಟೋಬರ್ ಬಂತೆಂದರೆ ಕಾಬಾಳೆಯ ಗೆಡ್ಡೆಗಳನ್ನು ಅಗೆದು ಪೆಟ್ಟಿಗೆಗೆ ತುಂಬಿ ಮಂಚದ ಕೆಳಗೆ ತಳ್ಳುವುದು. ಕುಂಡದ ಗಿಡಗಳೆಲ್ಲ ಮನೆಯೊಳಕ್ಕೆ. ಬಚ್ಚಲಿನಲ್ಲಿ ಗಂಟೆಹೂವಿನ ಗಿಡ, ಸ್ನಾನಕ್ಕೆ ಕೂತರೆ ಅದರ ಎಲೆ ಬಂದು ಒದ್ದೆ ಬೆನ್ನು ಸವರುತ್ತಿತ್ತು. ನೆಲದಲ್ಲೇ ಇರಬೇಕಾದ ಗಿಡಗಳ ಸುತ್ತ ತಂತಿಯ ಬಲೆ ಕಟ್ಟಿ, ಒಳಗೆ ಒಣಹುಲ್ಲು ತುರುಕಿ, ಮೇಲೆ ಬಿಳಿಬಟ್ಟೆ ಸುತ್ತಿ ಹಗ್ಗ ಬಿಗಿಯುವುದು. ಚಳಿಗಾಲದುದ್ದಕ್ಕೂ ಹಿತ್ತಲಿನಲ್ಲಿ ಬಿಳಿ ಮುಸುಕು ಹಾಕಿಕೊಂಡ ಆಳುಗಳ ಹಾಗೆ ಅವು ನಿಂತಿರುತ್ತಿದ್ದವು. ಪಕ್ಕದ ಮನೆಯ ನಾರಿಸ್ ಬೇಲಿಯ ಮೇಲೆ ಗಲ್ಲ ಊರಿ, "ಏನಯ್ಯಾ ಡೆಸ್ಮಂಡ್, ನಿನ್ನ ಹೆಣಗಳೆಲ್ಲ ಆರಾಮಾ?" ಎಂದು ಕೇಳುತ್ತಿದ್ದ.

ಮನೆಯ ಒಳ್ಳೆಯ ಕೋಣೆ, ಬಿಸಿಲು ಬೀಳುವ ದಕ್ಷಿಣದ ಕೋಣೆ, ಗಿಡಗಳದ್ದು. ಅಲ್ಲಿನ ಹೀಟರ್ ಯಾವಾಗಲೂ ಏಳು ಡಿಗ್ರಿಗೆ. ಏಳಕ್ಕಿಂತ ಇಳಿದರೆ ಸಾಯುತ್ತವೆ, ಏರಿದರೆ ಹೊತ್ತಲ್ಲದ ಹೊತ್ತಿನಲ್ಲಿ ಚಿಗುರಿ ಸೊರಗುತ್ತವೆ ಎನ್ನುವುದು ಡೆಸ್ಮಂಡನ ವೇದವಾಕ್ಯ. ಗಾಳಿಯಾಡದಿದ್ದರೆ ಬೂಷ್ಟು ಹಿಡಿಯುತ್ತದೆಂದು ಎದುರಿನ ಮಲಗುವ ಕೋಣೆಯ ಬಾಗಿಲನ್ನೂ ತೆರೆದೇ ಇಡಬೇಕಿತ್ತು. ಹಾಗಾಗಿ ಅತ್ತಿಗೆ ಗ್ಲೆಂಡಾಳಿಗೂ ಏಳೇ ಡಿಗ್ರಿ. ಅವಳು ಕೋಟು ಹಾಕಿಕೊಂಡು, ಬಿಸಿನೀರಿನ ಚೀಲ ಅಪ್ಪಿಕೊಂಡು ಮಲಗುತ್ತಿದ್ದಳು. ನಾನು ಅಣ್ಣನಿಗೆ ಎಷ್ಟೋ ಸಲ ಬೈದಿದ್ದೇನೆ. ಅವನು ನಕ್ಕು, "ಗ್ಲೆಂಡಾ ಗಟ್ಟಿಗಿತ್ತಿ, ಈ ನೆಲದೋಳು. ಪಾಪ, ಇವು ಹಾಗಲ್ಲ" ಎನ್ನುತ್ತಿದ್ದ. ಗ್ಲೆಂಡಾಳೂ ನಗುತ್ತಿದ್ದಳು. ಆ ನಗುವನ್ನು ನಾನು ಆಗ ಸರಿಯಾಗಿ ನೋಡಲಿಲ್ಲ.

ಎಲ್ಲ ಗಿಡಗಳ ಮೇಲಿನ ಗಿಡ ಎಂದರೆ ಜರಿಮರ, ಮರದ ಹಾಗೆ ಕಾಂಡ ಬಿಟ್ಟು ಬೆಳೆಯುವ ಜರಿಗಿಡ. ಟಾಸ್ಮೇನಿಯಾದ ಕಾಡಿನಲ್ಲಿ ಬುಡ ಕೊಯ್ದು, ಹಡಗಿಗೆ ಹಾಕಿ ಕಳಿಸಿದ್ದು. ಬಂದಾಗ ಬೇರಿಲ್ಲ, ಎಲೆಯಿಲ್ಲ, ಒಂದು ಕಪ್ಪು ದಿಮ್ಮಿ. ಸೌದೆಗೆ ದುಡ್ಡು ಕೊಟ್ಟು ಬಂದಿದ್ದಾನೆ ಎಂದು ಬೀದಿಯವರೆಲ್ಲ ಆಡಿಕೊಂಡರು. ಡೆಸ್ಮಂಡ್ ಅದನ್ನು ನೆಲದಲ್ಲಿ ನಿಲ್ಲಿಸಿ ದಿನಾ ಅದರ ನೆತ್ತಿಗೆ ನೀರು ಹೊಯ್ದ. ಉಳಿದ ಗಿಡಗಳ ಬಾಯಿ ಬುಡದಲ್ಲಿ, ಇದರದ್ದು ನೆತ್ತಿಯಲ್ಲಿ ಎನ್ನುತ್ತಿದ್ದ. ಮಾರನೆಯ ಬೇಸಿಗೆಗೆ ಆ ದಿಮ್ಮಿ ಕೊಡೆಯ ಹಾಗೆ ಎಲೆ ಬಿಚ್ಚಿತು. ಅದರ ಜೀವವೆಲ್ಲ ನೆತ್ತಿಯ ನಡುವಿನ ಸುಳಿಯಲ್ಲಿ. ಬಾಳೆ ಸತ್ತರೆ ಬುಡದಲ್ಲಿ ಮರಿ ಹಾಕುತ್ತದೆ, ಇದರ ಸುಳಿ ಸತ್ತರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಚಳಿಗಾಲದಲ್ಲಿ ನೆತ್ತಿಗೆ ಹುಲ್ಲು ಗಿಡಿದು, ಒಳಗೆ ಒಂದು ಥರ್ಮಾಮೀಟರಿನ ಕೊನೆ ಸಿಕ್ಕಿಸಿ, ಅದರ ತಂತಿಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟ, ಹೊರಗಿನದೂ ನೆತ್ತಿಯದೂ ಡಿಗ್ರಿ ತೋರಿಸುವ ಒಂದು ಡಬ್ಬಿಯವರೆಗೂ ಎಳೆದಿದ್ದ. ಬೆಳಿಗ್ಗೆ ಎದ್ದವನೇ ಹೆಂಡತಿಯ ಮುಖಕ್ಕಿಂತ ಮೊದಲು ಆ ಪುಟ್ಟ ಡಬ್ಬಿಯ ಮುಖ ನೋಡುತ್ತಿದ್ದ.

ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ, ಕೈಯಲ್ಲಿ ನೀರಿನ ಪೈಪು ಹಿಡಿದುಕೊಂಡೇ, ಕಾಬಾಳೆಗಳ ನಡುವೆ ಎದೆ ಹಿಡಿದುಕೊಂಡು ಬಿದ್ದ. ಅಷ್ಟೇ. ದಹನ ಮುಗಿಯಿತು, ಬೂದಿ ಬಂತು.

ಕಣಿವೆಯಲ್ಲಿ ನನ್ನದೊಂದು ಪುಟ್ಟ ಮನೆಯಿದೆ. ಅದಕ್ಕೆ ಬೀಗ ಹಾಕಿ ನವೆಂಬರ್‌ನಲ್ಲಿ ಬಕ್ಸ್‌ಟನ್ನಿಗೆ ಹೋದೆ. ಗ್ಲೆಂಡಾ ಒಬ್ಬಳೇ ಆಗುತ್ತಾಳೆ, ಈ ಚಳಿಗಾಲ ಜೊತೆಗಿರುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೆ. ಅದು ನಿಜವೇ. ಆದರೆ ಒಳಗಿನ ಆಸೆ ಬೇರೆ. ಅಣ್ಣನ ಕೈಯಲ್ಲಿ ಬದುಕಿದ್ದರಲ್ಲಿ ಜರಿಮರವಾದರೂ ಉಳಿಯಬೇಕಿತ್ತು ನನಗೆ. ಅವನಿಗೆ ಮಕ್ಕಳಿಲ್ಲ, ನನಗೂ ಇಲ್ಲ. ಮೇ ತಿಂಗಳಲ್ಲಿ ಅದು ಹಸಿರಾಗಿ ಕಣ್ಣು ಬಿಟ್ಟರೆ ಸಾಕು ಎಂದುಕೊಂಡಿದ್ದೆ.

ಹೋಗಿ ನೋಡಿದರೆ ಕೆಲಸವೆಲ್ಲ ಮುಗಿದಿತ್ತು. ಗ್ಲೆಂಡಾ ಒಬ್ಬಳೇ ಗೆಡ್ಡೆ ಅಗೆದು, ಕುಂಡ ಹೊತ್ತು, ಬಾಳೆಗೆ ಹುಲ್ಲು ಕಟ್ಟಿ, ಜರಿಮರಕ್ಕೆ ಮುಸುಕು ಸುತ್ತಿದ್ದಳು. ಅವಳ ಬೆರಳುಗಳು ಊದಿ ನೇರಳೆ ಬಣ್ಣಕ್ಕೆ ತಿರುಗಿದ್ದವು. ಗಿಡಗಳನ್ನು ಕಂಡರೆ ಮೂಗು ಮುರಿಯುತ್ತಿದ್ದವಳಿಗೆ ಗಂಡ ಸತ್ತ ಮೇಲೆ ಇಷ್ಟು ಪ್ರೀತಿ ಬಂತಲ್ಲ ಎಂದು ನನಗೆ ಕಣ್ಣು ತುಂಬಿತು. ಹೀಟರ್ ಇನ್ನೂ ಏಳರಲ್ಲೇ ಇತ್ತು. ಇನ್ನಾದರೂ ಏರಿಸೇ, ಬೈಯುವವರು ಯಾರಿದ್ದಾರೆ ಎಂದೆ. ಅವಳು ಎದ್ದು ಹೋದಳು, ಗುಂಡಿಯ ಮೇಲೆ ಕೈ ಇಟ್ಟಳು, ಹಾಗೇ ಬಂದು ಕೂತಳು.

ಜರಿಮರದ ಮುಸುಕು ಅಡುಗೆಮನೆಯ ಕಿಟಕಿಗೆ ಸರಿಯಾಗಿ ಎದುರು. ನಮ್ಮಣ್ಣನಷ್ಟೇ ಎತ್ತರ, ಅವನ ಹಾಗೇ ತುಸು ಎಡಕ್ಕೆ ವಾಲಿಕೊಂಡು ನಿಂತಿತ್ತು. ಬೆಳಗಿನ ಬಿಸಿಲು ತಾಗಿದೊಡನೆ ಅದರ ನೆತ್ತಿಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಬಾಳೆಗಳ ಮುಸುಕಿನಿಂದ ಏಳುತ್ತಿರಲಿಲ್ಲ, ಇದೊಂದರಿಂದ ಮಾತ್ರ. ಚಳಿಯಲ್ಲಿ ನಿಂತ ಮನುಷ್ಯ ಉಸಿರು ಬಿಟ್ಟ ಹಾಗೆ, ಬಿಟ್ಟು ಬಿಟ್ಟು. ಗ್ಲೆಂಡಾ ಓಟ್‌ಕೇಕಿನ ತಟ್ಟೆ ಮುಂದಿಟ್ಟುಕೊಂಡು, ತಿನ್ನದೆ, ಅದನ್ನೇ ನೋಡುತ್ತ ಕೂತಿರುತ್ತಿದ್ದಳು. ಗಾಳಿ ಬೀಸಿದರೆ ಬಿಳಿಬಟ್ಟೆಯ ತುದಿ ಹೊಡೆದುಕೊಳ್ಳುವ ಸದ್ದು. ಅದು ಡೆಸ್ಮಂಡ್ ಹೊರಗಿನಿಂದ ಬಂದು ಹೊಸ್ತಿಲ ಮೇಲೆ ಬೂಟು ಕೊಡವುವ ಸದ್ದಿನಂತೆಯೇ ಕೇಳಿಸುತ್ತಿತ್ತು. ಪ್ರತಿ ಸಲ ಅವಳ ತಲೆ ಬಾಗಿಲ ಕಡೆ ತಿರುಗುತ್ತಿತ್ತು. ಸುಳ್ಳೇಕೆ, ನನ್ನದೂ.

ಡಿಸೆಂಬರ್‌ನಲ್ಲಿ ಬಚ್ಚಲಿನ ಗಂಟೆಹೂವು ಅರಳಿತು. ಏಳು ಡಿಗ್ರಿಯಲ್ಲಿ ಅದು ಅರಳಬಾರದು, ನಿದ್ದೆ ಹೊಡೆಯಬೇಕು. ಮುಸ್ಸಂಜೆಯಾದರೆ ಬಚ್ಚಲಿನಿಂದ ವಾಸನೆ ಎದ್ದು ಮೆಟ್ಟಿಲು ಇಳಿದು ಬರುತ್ತಿತ್ತು, ಸಿಹಿ, ತಲೆ ಸುತ್ತುವಷ್ಟು ಸಿಹಿ. ಗ್ಲೆಂಡಾ ಹೋಗಿ ಹೂವನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿದಳು. ಬೇಲಿಯಾಚೆಯಿಂದ ನಾರಿಸ್ ಕೇಳಿದ ಮೇಲೆ ಗೊತ್ತಾಯಿತು, ಅವನ ಮನೆಗೂ ಬಂದಿತ್ತಂತೆ ಆ ವಾಸನೆ, ಕಿಟಕಿಯೆಲ್ಲ ಮುಚ್ಚಿದ್ದರೂ.

ಜನವರಿಯಲ್ಲಿ ನಿಜವಾದ ಚಳಿ ಇಳಿಯಿತು. ಹಕ್ಕಿಗಳಿಗಿಟ್ಟ ನೀರು ಬಟ್ಟಲು ಸೀಳಿಕೊಂಡು ಗಟ್ಟಿಯಾಯಿತು. ನನಗೆ ಜರಿಮರದ್ದೇ ಚಿಂತೆ. ಕಿಟಕಿಯ ಡಬ್ಬಿಯನ್ನು ನೋಡಿದೆ. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗೆ. ನೆತ್ತಿಯಲ್ಲಿ ಏಳು.

ಡಬ್ಬಿ ಕೆಟ್ಟಿದೆ ಎಂದು ಬ್ಯಾಟರಿ ಬದಲಾಯಿಸಿದೆ. ಏಳು. ತಂತಿಯನ್ನು ಬಿಚ್ಚಿ ಮತ್ತೆ ಸಿಕ್ಕಿಸಿದೆ. ಏಳು.

"ಏಳರಿಂದ ಇಳೀತಾನೇ ಇಲ್ಲ ಕಣೇ ಏವ್ರಿಲ್," ಎಂದಳು ಗ್ಲೆಂಡಾ. "ಸುತ್ತಿದ ಮಾರನೇ ದಿನದಿಂದ ಹಂಗೇ ಇದೆ."

"ಒಳ್ಳೇದೇ ಆಯ್ತಲ್ಲೇ. ಬದುಕಿದೆ ಅಂತ ಅರ್ಥ."

ಅವಳು ನನ್ನನ್ನು ಒಂದು ಥರ ನೋಡಿ, ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, ಅಂಗಡಿಗೆ ಹೋಗಿ ಬಂದೆ ಎನ್ನುವಷ್ಟು ಸಲೀಸಾಗಿ ಹೇಳಿದಳು. "ಅವನ ಬೂದಿ ಅದರೊಳಗೇ ಇದೆ. ನೆತ್ತಿಗೆ ಹಾಕಿದೀನಿ. ಪೂರ್ತಿ."

ಸತ್ತವರ ಬೂದಿಯನ್ನು ಹಿತ್ತಲಿನ ಗುಲಾಬಿ ಬುಡಕ್ಕೆ ಹಾಕುವುದು ನಮ್ಮಲ್ಲಿ ಇದ್ದದ್ದೇ. ಆದರೆ ಅದು ಗೊಬ್ಬರವಲ್ಲ, ಬರೀ ಉಪ್ಪು, ಸುಣ್ಣ. ನಮ್ಮೂರ ಬೌಲ್ಸ್ ಕ್ಲಬ್ಬಿನಲ್ಲಿ ತೀರಿಹೋದ ನನ್ನ ಗಂಡ ಸೆಡ್ರಿಕ್ ಕಾರ್ಯದರ್ಶಿಯಾಗಿದ್ದಾಗ, ಯಾರದ್ದೋ ಮನೆಯವರು ಸದ್ದಿಲ್ಲದೆ ಬಂದು, ಬದುಕಿಡೀ ಅಲ್ಲಿ ಚೆಂಡು ಉರುಳಿಸಿದ ಅಜ್ಜನ ಬೂದಿಯನ್ನು ಮೈದಾನದ ನಡುವೆ ಸುರಿದು ಹೋದರು. ತಿಂಗಳೊಳಗೆ ರೇಷ್ಮೆಯಂಥ ಹುಲ್ಲಿನ ನಡುವೆ ಒಂದು ಬಕ್ಕತಲೆ ಎದ್ದಿತು. ಎರಡು ವರ್ಷ ಅಲ್ಲಿ ಒಂದು ಗರಿಕೆ ಹುಟ್ಟಲಿಲ್ಲ. ಸೆಡ್ರಿಕ್ ಸಭೆ ಕರೆದು ಕೂಗಾಡಿದ್ದ. ಇದನ್ನೆಲ್ಲ ಗ್ಲೆಂಡಾಳಿಗೆ ಹೇಳಿದೆ. ಬುಡಕ್ಕೆ ಹಾಕಿದ್ದರೂ ಒಂದು ಮಾತು, ಸುಳಿಯ ಬಾಯಿಗೇ ಸುರಿದಿದ್ದೀಯಲ್ಲ, ಈಗಲೇ ಬಿಚ್ಚಿ ತೆಗೆಯೋಣ ಎಂದೆ.

"ಈ ಚಳೀಲಿ ಬಿಚ್ಚಿದ್ರೆ ಸಾಯುತ್ತೆ," ಎಂದಳು.

ಅದೂ ನಿಜವೇ. ಮುಚ್ಚಿಟ್ಟರೆ ಬೂದಿ ಸುಡುತ್ತದೆ, ಬಿಚ್ಚಿದರೆ ಹಿಮ ಸುಡುತ್ತದೆ. ಆ ಏಳು ಡಿಗ್ರಿಯ ಗುಟ್ಟೂ ನನಗೆ ಹೊಳೆದುಹೋಯಿತು. ಒಳಗಿನ ಹುಲ್ಲು ನೆನೆದು ಕೊಳೆಯುತ್ತಿದೆ, ಗೊಬ್ಬರದ ಗುಂಡಿಯ ಹಾಗೆ ಕಾವು ಏಳುತ್ತಿದೆ, ಸುಳಿ ಆಗಲೇ ಕೊಳೆತು ಕರಗುತ್ತಿರಬೇಕು. ಇವಳು ಪಾಪ ಅದನ್ನೇ ಗಂಡನ ಕಾವು ಎಂದುಕೊಂಡು ಹಗಲೆಲ್ಲ ಕಾದು ಕೂತಿದ್ದಾಳೆ ಎಂದು ನನಗೆ ದುಃಖ ಒತ್ತರಿಸಿ ಬಂತು. ನನ್ನ ಊಹೆಯನ್ನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಆ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದಳೆಂದು ಈಗ ಗೊತ್ತು.

ಫೆಬ್ರವರಿ, ಮಾರ್ಚ್ ಹೇಗೋ ಕಳೆದವು. ನಾವಿಬ್ಬರೂ ಮನೆಯೊಳಗೆ ಕೋಟು ಹಾಕಿಕೊಂಡೇ ಓಡಾಡಿದೆವು. ಡಬ್ಬಿಯಲ್ಲಿ ಏಳು. ನಾನೂ ಬೆಳಿಗ್ಗೆ ಎದ್ದವಳೇ ಮೊದಲು ಅದನ್ನು ನೋಡುವುದನ್ನು ಕಲಿತೆ. ಏಪ್ರಿಲ್‌ನಲ್ಲಿ ಹೊರಗೆ ಬಿಸಿಲೇರಿ ಹನ್ನೆರಡಾದ ದಿನವೂ ನೆತ್ತಿಯಲ್ಲಿ ಏಳೇ ಇತ್ತು. ಕೊಳೆಯುವ ಹುಲ್ಲು ಬಿಸಿಯಾಗಬಹುದು, ಬಿಸಿಲಿನಲ್ಲಿ ತಣ್ಣಗಾಗುವುದು ಹೇಗೆ? ಆ ದಿನ ನಾನು ಕಿಟಕಿಯ ಪರದೆ ಎಳೆದುಬಿಟ್ಟೆ. ಮುಸುಕು ಅಲ್ಲಿಂದ ನಮ್ಮನ್ನು ನೋಡುವುದು ಬೇಡವೆನಿಸಿತು.

ಮೇ ತಿಂಗಳಲ್ಲಿ, ಹಿಮದ ಭಯ ಕಳೆದ ಮೇಲೆ, ಏಣಿ ಹಾಕಿ ಹತ್ತಿದೆ. ಗ್ಲೆಂಡಾ ಕೆಳಗೆ ಏಣಿ ಹಿಡಿದುಕೊಂಡು ನಿಂತಳು. ಹಗ್ಗ ಬಿಚ್ಚಿ, ಬಟ್ಟೆ ಸರಿಸಿ, ಕೊಳೆತ ನಾತ ಬರುತ್ತದೆಂದು ಮೂಗು ಬಿಗಿಹಿಡಿದು ಕೈ ಹಾಕಿದೆ. ಹುಲ್ಲು ಗರಿಗರಿ ಒಣಗಿತ್ತು. ಅಕ್ಟೋಬರ್‌ನಲ್ಲಿ ಹೇಗೆ ತುಂಬಿದ್ದಳೋ ಹಾಗೇ ಹೊಂಬಣ್ಣ, ಎಲ್ಲೂ ಒಂದು ಕಪ್ಪು ಚುಕ್ಕೆಯಿಲ್ಲ. ಅದನ್ನೆಲ್ಲ ಕಿತ್ತು ಕೆಳಕ್ಕೆ ಎಸೆದೆ. ನೆತ್ತಿಯ ಬಟ್ಟಲಿನಲ್ಲಿ ನಮ್ಮಣ್ಣನ ಬೂದಿ ಬೂದುಬಣ್ಣದ ಬಿಲ್ಲೆಯಾಗಿ ಕೂತಿತ್ತು. ಅದನ್ನು ನಡುವಿನಲ್ಲಿ ಸೀಳಿಕೊಂಡು ಐದಾರು ಸುರುಳಿಗಳು ಮೇಲಕ್ಕೆ ಬಂದಿದ್ದವು, ದಪ್ಪ, ಕಂದುಗೂದಲಿನವು, ಮಡಿಸಿದ ಬೆರಳಿನಂತೆ ಒತ್ತಾಗಿ. ಮುಟ್ಟಿದರೆ ಬೆಚ್ಚಗಿದ್ದವು.

ನನಗೆ ಖುಷಿ ತಡೆಯಲಾಗಲಿಲ್ಲ. "ಬದುಕಿದೆ ಕಣೇ ಗ್ಲೆಂಡಾ, ಬದುಕಿದೆ," ಎಂದು ಮೇಲಿನಿಂದಲೇ ಹೇಳಿದೆ. ಏಣಿ ಅಲುಗಾಡಿತು. ಕೆಳಗೆ ನೋಡಿದರೆ ಅವಳು ಏಣಿ ಬಿಟ್ಟು ಒದ್ದೆ ನೆಲದ ಮೇಲೆ ಕೂತುಬಿಟ್ಟಿದ್ದಳು.

ಇಳಿದು ಹೋಗಿ ಅವಳ ಪಕ್ಕ ಕೂತೆ. ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡೆ. ಅವಳು ಅಳುತ್ತಿರಲಿಲ್ಲ.

"ಆವತ್ತು ನಿಮ್ಮ ಕ್ಲಬ್ಬಲ್ಲಿ ಸೆಡ್ರಿಕ್ ಕೂಗಾಡ್ತಿದ್ದಾಗ ಸ್ಯಾಂಡ್‌ವಿಚ್ ಕುಯ್ತಾ ನಿಂತಿದ್ದೋಳು ನಾನೇ ಅಲ್ವೇನೇ," ಎಂದಳು. "ಬೂದಿ ಬಿದ್ದ ಕಡೆ ಏನೂ ಉಳಿಯಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಹಾಕ್ದೆ."

ನಾನು ಅವಳ ಕಡೆ ತಿರುಗಿ ಕೂತೆ. ಅವಳು ಮುಂದುವರಿಸಿದಳು.

"ಕಡಿದುಹಾಕೋಕೆ ಕೈ ಬರ್ಲಿಲ್ಲ. ಇಬ್ರೂ ಒಬ್ಬರನ್ನೊಬ್ಬರು ತಿಂದ್ಕೊಂಡು ಹೋಗ್ಲಿ ಅಂತ ನೆತ್ತಿಗೆ ಸುರಿದು ಕಟ್ಟಿಬಿಟ್ಟೆ. ಮದುವೆ ಆದಾಗಿಂದ ಕೋಟು ಹಾಕ್ಕೊಂಡು ಮಲಗಿದೀನಿ ಕಣೇ ಏವ್ರಿಲ್. ಒಂದು ಚಳಿಗಾಲ, ಒಂದೇ ಒಂದು, ಬೆಚ್ಚಗೆ ಮಲಗೋಣ ಅಂತಿದ್ದೆ. ಬೆಳಿಗ್ಗೆ ಎದ್ದು ನೋಡ್ತೀನಿ, ಏಳು. ಅವನೇ ಒಳಗೆ ಕೂತ್ಕೊಂಡು ಕಾಯ್ತಿದಾನೆ. ನೀನು ಹೀಟರ್ ಏರಿಸು ಅಂದಾಗೆಲ್ಲ ಹೋಗ್ತಿದ್ದೆ, ಕೈ ಹಿಂದಕ್ಕೆ ಬರ್ತಿತ್ತು. ಇನ್ನು ಬರೋ ಅಕ್ಟೋಬರ್‌ಗೆ ಮತ್ತೆ ಕಟ್ಟಬೇಕು. ಅದರ ಮುಂದಿನ ವರ್ಷ ಮತ್ತೆ. ಅದು ನನಗಿಂತ ಜಾಸ್ತಿ ದಿನ ಬದುಕುತ್ತೆ ಗೊತ್ತಾ?"

ಮೊದಲು ನನಗೆ ಬಂದದ್ದು ಸಿಟ್ಟು. ಎಷ್ಟೆಂದರೂ ಅವನು ನನ್ನಣ್ಣ. ಸತ್ತ ಮೇಲೂ ಅವನನ್ನು ವಿಷ ಮಾಡಿ ಬಳಸಿದಳಲ್ಲ ಎಂದು ಮೈ ಉರಿಯಿತು. ಏನೋ ಕೆಟ್ಟದಾಗಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಡಿಲಲ್ಲಿಟ್ಟಿದ್ದ ಅವಳ ಕೈಗಳು ಕಣ್ಣಿಗೆ ಬಿದ್ದವು. ಮೇ ತಿಂಗಳಾದರೂ ಬೆರಳಿನ ಚಳಿಹುಣ್ಣು ಮಾಗಿರಲಿಲ್ಲ. ನವೆಂಬರ್‌ನಲ್ಲಿ ನಾನು ಅದನ್ನು ಪ್ರೀತಿಯ ಗುರುತೆಂದು ನೋಡಿ ಕಣ್ಣೀರು ಹಾಕಿದ್ದೆ. ಅವನು ಅವಳನ್ನು ಗಟ್ಟಿಗಿತ್ತಿ ಎಂದಾಗಲೆಲ್ಲ ನಾನೂ ಜೊತೆಗೆ ನಕ್ಕಿದ್ದು ನೆನಪಾಗಿ ನಾಚಿಕೆಯಾಯಿತು.

"ನಾರಿಸ್ ಹತ್ರ ಗರಗಸ ಇದೆಯೇನೇ?" ಎಂದೆ.

ಟಾಸ್ಮೇನಿಯಾದಿಂದ ಬಂದಿದ್ದೂ ಹಾಗೇ ಅಲ್ಲವೇ, ಬುಡ ಕೊಯ್ದುಕೊಂಡು. ಇನ್ನೊಂದು ಸಲ ಕೊಯ್ದು ಬೇರೆ ಕಡೆ ನೆಟ್ಟರೆ ಬೇರು ಬಿಡುತ್ತದೆ. ಬೂದಿಯ ಬಿಲ್ಲೆಯನ್ನು ಚಮಚದಲ್ಲಿ ಕೆರೆದು, ಒಂದು ಚೂರೂ ಬಿಡದೆ, ಬಿಸ್ಕತ್ತಿನ ಡಬ್ಬಿಗೆ ತುಂಬಿದೆ. ನಾರಿಸ್ ದಿಮ್ಮಿ ಕೊಯ್ದು ತನ್ನ ವ್ಯಾನಿಗೆ ಏರಿಸಿದ. ಇಷ್ಟು ಭಾರ ಇರಬಾರದು, ಒಳಗೆ ಯಾರಾದರೂ ಇದ್ದಾರಾ ಎಂದು ತಮಾಷೆ ಮಾಡಿದ. ನಾವಿಬ್ಬರೂ ನಗದಿದ್ದುದನ್ನು ನೋಡಿ ಸುಮ್ಮನಾದ. ಗ್ಲೆಂಡಾ ಗೇಟಿನವರೆಗೂ ಬಂದಳು. ಅವನು ನಮ್ಮಣ್ಣ, ನಾನು ಕರೆದುಕೊಂಡು ಹೋಗುತ್ತೇನೆ, ನೀನು ಒಳಗೆ ಹೋಗಿ ಹೀಟರ್ ಏರಿಸು ಎಂದೆ. ವ್ಯಾನು ತಿರುವು ದಾಟುವವರೆಗೂ ಅವಳು ಅಲ್ಲೇ ನಿಂತಿದ್ದಳು.

ಈಗ ಜರಿಮರ ನನ್ನ ಹಿತ್ತಲಿನಲ್ಲಿದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಎಲೆ ಬಿಚ್ಚಿತು. ಅಕ್ಟೋಬರ್‌ನಲ್ಲಿ ನಾನೇ ಒಣಹುಲ್ಲು ತುಂಬಿ ಮುಸುಕು ಸುತ್ತಿ, ಥರ್ಮಾಮೀಟರಿನ ತಂತಿಯನ್ನು ಅಡುಗೆಮನೆಗೆ ಎಳೆದುಕೊಂಡೆ. ಬೂದಿಯ ಡಬ್ಬಿ ಕಪಾಟಿನಲ್ಲಿದೆ, ನೆತ್ತಿಯಲ್ಲಿ ಅಲ್ಲ. ಗ್ಲೆಂಡಾ ಉಳಿದ ಗಿಡಗಳನ್ನೆಲ್ಲ ಕೇಳಿದವರಿಗೆ ಕೊಟ್ಟು, ದಕ್ಷಿಣದ ಕೋಣೆಗೆ ಹೊಸ ಮಂಚ ತರಿಸಿದ್ದಾಳೆ. ರಾತ್ರಿ ಬರೀ ನೈಟ್‌ಗೌನಿನಲ್ಲಿ ಮಲಗುತ್ತಾಳಂತೆ, ಸೆಖೆಯಾಗಿ ಒಂದೊಂದು ಸಲ ಕಾಲು ಹೊರಗೆ ಹಾಕುತ್ತಾಳಂತೆ. ಹೇಳುವಾಗ ಹುಡುಗಿಯ ಹಾಗೆ ನಗುತ್ತಾಳೆ. ಆದರೆ ಫೋನಿಡುವ ಮೊದಲು ಯಾವಾಗಲೂ ಒಂದು ಮಾತು ಕೇಳುತ್ತಾಳೆ. ಮೊನ್ನೆ, ಗಂಜಿ ಹಾಕಿದ ಬಟ್ಟೆಯ ಹಾಗೆ ಹುಲ್ಲೆಲ್ಲ ಸೆಟೆದು ನಿಂತಿದ್ದ ಬೆಳಿಗ್ಗೆ, ಮತ್ತೆ ಕೇಳಿದಳು.

"ಎಷ್ಟು ತೋರಿಸ್ತಿದೆಯೇ?"

ಕಿಟಕಿಯ ಡಬ್ಬಿಯನ್ನು ನೋಡಿದೆ. ಏಳು. ಹೊರಗೆ ಮುಸುಕಿನ ನೆತ್ತಿಯಿಂದ ಸಣ್ಣಗೆ ಹಬೆ ಏಳುತ್ತಿತ್ತು.

"ಸೊನ್ನೆಗಿಂತ ಕೆಳಗೆ ಹೋಗಿದೆ ಕಣೇ," ಎಂದೆ. "ನಾಕು ದಿನದಿಂದ ಹಂಗೇ ಇದೆ. ಈ ಸಲ ಉಳಿಯೋ ಹಾಗೆ ಕಾಣಲ್ಲ."

ಆ ಕಡೆಯಿಂದ ಒಂದು ಉದ್ದನೆಯ ಉಸಿರು ಕೇಳಿಸಿತು. ಪಾಪ, ನಿನಗೆ ಬೇಜಾರಾಗಿರಬೇಕು ಎಂದಳು. ಹೌದು, ಬೇಜಾರಾಗಿದೆ ಎಂದು ಫೋನಿಟ್ಟೆ. ಅಡುಗೆಮನೆ ತಣ್ಣಗೆ ಕೊರೆಯುತ್ತಿತ್ತು. ಹೀಟರ್ ಏರಿಸೋಣವೆಂದು ಎದ್ದು ಹೋದೆ, ಗುಂಡಿಯ ಮೇಲೆ ಕೈ ಇಟ್ಟೆ. ಆಮೇಲೆ ಬಾಗಿಲ ಹಿಂದಿನ ಗೂಟದಿಂದ ಕೋಟು ತೆಗೆದು ಹಾಕಿಕೊಂಡೆ.